ಖಾಲಿ ಊರಿನಲ್ಲಿ ನಾನೂ ಮಾವನೂ

ನನ್ನ ಮಾವನ ಕಾಲುಗಳಿಗೆ ಎರಡು ಬಣ್ಣವಿತ್ತು. ಮೊಣಕಾಲಿನಿಂದ ಕೆಳಕ್ಕೆ ಸುಟ್ಟ ಇಟ್ಟಿಗೆಯಂಥ ಕಂದು. ಕಣಕಾಲಿನ ಹತ್ತಿರ ಯಾರೋ ಗೆರೆ ಎಳೆದಂತೆ ಆ ಬಣ್ಣ ನಿಂತು, ಅಲ್ಲಿಂದ ಮುಂದೆ ಪಾದ ಎಳೆಮಗುವಿನದರಷ್ಟು ತಿಳಿ. ಪೊಲೀಸರು ಗಂಜಿ ಹಾಕಿದ ದೊಗಲೆ ಚಡ್ಡಿ ತೊಡುತ್ತಿದ್ದ ಕಾಲದಲ್ಲಿ ಕೆಲಸಕ್ಕೆ ಸೇರಿ, ಬಿಸಿಲಲ್ಲಿ ನಿಂತೂ ನಿಂತೂ ಆದ ಗುರುತು ಅದು. ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾಗಿ, ಬೂಟು ಬಿಚ್ಚಿಟ್ಟು ವರ್ಷಗಳಾದರೂ ಅವರು ಬರಿಗಾಲಲ್ಲಿ ನಡೆದರೆ ಬಿಳಿ ಕಾಲುಚೀಲ ಹಾಕಿಕೊಂಡಿದ್ದಾರೇನೋ ಅನ್ನಿಸುತ್ತಿತ್ತು. ಆ ಪಾದಗಳನ್ನು ನಾನು ಅಷ್ಟು ಹತ್ತಿರದಿಂದ ಬಲ್ಲೆ. ಹೆದರಿಕೆಯಾದಾಗ ಅವರು ಎರಡನ್ನೂ ಕುರ್ಚಿಯ ಮೇಲಕ್ಕೆ ಎತ್ತಿಟ್ಟುಕೊಳ್ಳುತ್ತಿದ್ದರು. ಹುಣಸೂರಿನ ಬಸ್‌ಸ್ಟ್ಯಾಂಡಿನಲ್ಲಿ ಈ ಮಾತು ಹೇಳಿದ್ದರೆ ಯಾರೂ ನಂಬುತ್ತಿರಲಿಲ್ಲ.

ಹೊರಗಿನವರಿಗೆ ಅವರೆಂದರೆ ಮೀಸೆ, ಎತ್ತರ, ದನಿ. ಟೀ ಅಂಗಡಿಗೆ ಹೋದರೆ ಬೆಂಚಿನ ಮೇಲಿದ್ದವರು ತಾವಾಗಿಯೇ ಸರಿದು ಜಾಗ ಬಿಡುತ್ತಿದ್ದರು. ಮನೆಯಲ್ಲಿ ಮಾತ್ರ ಮಾತು ಕಡಿಮೆ. ಸಾಲಿಗ್ರಾಮದ ಕಡೆಯಿಂದ ಸೊಸೆಯಾಗಿ ಬಂದ ನನಗೆ ಮೊದಲ ವರ್ಷವೆಲ್ಲ ಅವರು ಬರೀ ಸದ್ದಾಗಿದ್ದರು. ಗೇಟಿನ ಚಿಲಕ, ಒಂದು ಕೆಮ್ಮು, ಮಂಚದ ಕಿರುಗುಟ್ಟುವಿಕೆ. ಅವರು ಹಜಾರಕ್ಕೆ ಬಂದರೆ ನಾನು ಅಡುಗೆಮನೆಯ ಬಾಗಿಲ ಹಿಂದೆ ಸರಿಯುತ್ತಿದ್ದೆ. ನೀರು ಬೇಕಾದರೂ ಅವರು ಅತ್ತೆಯನ್ನೇ ಕೇಳುತ್ತಿದ್ದರು.

ನನ್ನ ಗಂಡ ಬಸ್‌ಸ್ಟ್ಯಾಂಡಿನ ಹತ್ತಿರ ಲಗ್ನಪತ್ರಿಕೆ, ಕರಪತ್ರ ಅಚ್ಚುಮಾಡಿಕೊಡುವ ಸಣ್ಣ ಅಂಗಡಿ ಇಟ್ಟಿದ್ದರು. ಮದುವೆ ಕಾಲದಲ್ಲಿ ಕೆಲಸ ಮನೆಗೂ ಬರುತ್ತಿದ್ದುದರಿಂದ ಮುಂದಿನ ಕೋಣೆಯಲ್ಲಿ ಒಂದು ಕಂಪ್ಯೂಟರ್ ಇತ್ತು. ಅದರ ಮೇಲೆ ಅತ್ತೆ ಕಸೂತಿ ಹಾಕಿದ ಬಟ್ಟೆ ಹೊದಿಸಿರುತ್ತಿದ್ದರು. ಊಟವಾದ ಮೇಲೆ ಅತ್ತೆ ಒಳಕೋಣೆಯಲ್ಲಿ ಮಲಗಿದರೆ, ಮಾವ ಟೀಗೆ ಹೋದರೆ, ಆ ಮಧ್ಯಾಹ್ನ ನನ್ನದು.

ಮೈಸೂರಿನಲ್ಲಿ ಓದುತ್ತಿದ್ದ ನನ್ನ ತಮ್ಮ ಗೌರಿ ಹಬ್ಬಕ್ಕೆ ಬಾಗಿನ ಕೊಡಲು ಬಂದಾಗ ಬಾಳೆಹಣ್ಣಿನ ಚೀಲದ ಅಡಿಯಿಂದ ಒಂದು ಸೀಡಿ ತೆಗೆದು ಕೈಗಿಟ್ಟ. "ಅಕ್ಕ, ಇದು ಕಥೆ ಇರೋ ಆಟ. ಬರೀ ಗುಂಡು ಹೊಡಿಯೋದಲ್ಲ. ಹೆದರ್ಕೊಂಡ್ರೆ ನನ್ನ ಬೈಬೇಡ" ಅಂದ.

ಆಟ ಶುರುವಾಗುವುದು ಒಂದು ರೈಲು ನಿಲ್ದಾಣದಲ್ಲಿ. ಒಬ್ಬ ಹೆಂಗಸು ತನ್ನ ತಂಗಿಯನ್ನು ಹುಡುಕಿಕೊಂಡು ಗುಡ್ಡದ ನಡುವಿನ ಒಂದೂರಿಗೆ ಬಂದು ಇಳಿಯುತ್ತಾಳೆ. ಊರಿನಲ್ಲಿ ಯಾರೂ ಇಲ್ಲ. ಒಂದೇ ಸಂಜೆಯಲ್ಲಿ ಎಲ್ಲರೂ ಎದ್ದು ಹೋಗಿದ್ದಾರೆ. ತಟ್ಟೆಯಲ್ಲಿ ಊಟ ಹಾಗೇ ಇದೆ, ಹಗ್ಗದ ಮೇಲೆ ಬಟ್ಟೆ ಹಾಗೇ ಇದೆ. ಅವಳ ಕೈಯಲ್ಲಿ ಕತ್ತಿಯಿಲ್ಲ, ಬಂದೂಕವಿಲ್ಲ, ಒಂದು ಲಾಟೀನು ಮಾತ್ರ. ಲಾಟೀನು ಹಚ್ಚಿದರೆ ಅವಳಿಗೆ ದಾರಿ ಕಾಣುತ್ತದೆ. ಆದರೆ ಆ ಊರಿನಲ್ಲಿ ಉಳಿದಿರುವ ಯಾವುದೋ ಒಂದಕ್ಕೆ ಅವಳೂ ಕಾಣುತ್ತಾಳೆ. ಆರಿಸಿದರೆ ಇಬ್ಬರಿಗೂ ಕತ್ತಲು. ಆ 'ಯಾವುದೋ ಒಂದು' ಎದುರಿಗೆ ಬರುವುದು ತೀರಾ ಅಪರೂಪ. ಅದರ ಸದ್ದು ಮಾತ್ರ ಕೇಳುತ್ತದೆ. ಮೇಲಿನ ಮಹಡಿಯಲ್ಲಿ ಒಂದು ಕಾಲು ಊರಿ ಇನ್ನೊಂದನ್ನು ಎಳೆಯುವ ಸದ್ದು. ನಡುನಡುವೆ ಎಲ್ಲೋ ದೂರದಲ್ಲಿ ಪಿಯಾನೋದಂಥ ವಾದ್ಯದ ಎರಡೇ ಎರಡು ಸ್ವರ. ಹೊರಗೆ ಸುಡುವ ಬಿಸಿಲು, ಬೀದಿಯಲ್ಲಿ ಐಸ್‌ಕ್ಯಾಂಡಿಯವನ ಗಂಟೆ. ನನ್ನ ಬೆನ್ನು ಮಾತ್ರ ತಣ್ಣಗೆ.

ಒಂದು ದಿನ ಮಾವನಿಗೆ ಹಿಮ್ಮಡಿ ನೋವು. ಟೀಗೆ ಹೋಗಿರಲಿಲ್ಲ, ಅದು ನನಗೆ ಗೊತ್ತಿರಲಿಲ್ಲ. ಆಟದಲ್ಲಿ ನಾನು ಒಂದು ಛತ್ರದಂಥ ದೊಡ್ಡ ಮನೆಯ ಕೆಳಗೆ ನಿಂತು ಮೇಲಿನ ಸದ್ದು ಕೇಳುತ್ತಿದ್ದೆ. ಹಿಂದಿನಿಂದ ದನಿ ಬಂತು.

"ಯಾರವ್ವ ಅದು, ತಾರ್ಸಿ ಮ್ಯಾಲೆ ನಡ್ದಾಡ್ತಿರೋದು?"

ತಿರುಗಿದರೆ ಮಾವ. ಕೈಯಲ್ಲಿ ಹಳೆಯ ಲಾಠಿ. ಕಣ್ಣು ನಮ್ಮ ಮನೆಯ ಸೂರಿನ ಮೇಲೆ. ನಾನು ಎದ್ದು ಸೆರಗು ಸರಿಮಾಡಿಕೊಂಡು, "ತಾರ್ಸಿ ಮೇಲಲ್ಲ ಮಾವ, ಕಂಪ್ಯೂಟರ್‌ನಲ್ಲಿ. ಆಟ..." ಅಂದೆ.

"ಆಟ್ವಾ? ಆಟ್ದಲ್ಲಿ ಇಂಗ್ ಕಾಲೆಳೀತಾರಾ?" ಪರದೆಯ ಹತ್ತಿರ ಬಗ್ಗಿ ನೋಡಿದರು. ಮೆಟ್ಟಿಲ ಕೆಳಗೆ ಲಾಟೀನು ಹಿಡಿದು ನಿಂತ ಹೆಂಗಸು ಉಸಿರು ಬಿಡುತ್ತಿದ್ದಳು. ಈಗ ಬೈಗುಳ ಬರುತ್ತದೆ ಅಂದುಕೊಂಡೆ. ಮಾವ ಲಾಠಿಯನ್ನು ಗೋಡೆಗೆ ಒರಗಿಸಿ, ಕುರ್ಚಿ ಎಳೆದುಕೊಂಡು ಕೂತರು. "ಕುಂತ್ಕೊ. ಪಾಪ, ಅವ್ಳೊಬ್ಳೇ ನಿಂತವ್ಳೆ. ನಡ್ಸು."

ಅಂದಿನಿಂದ ಅವರು ಟೀ ಕುಡಿಯುವ ಹೊತ್ತನ್ನೇ ಬದಲಾಯಿಸಿದರು. ಊಟವಾಗಿ ಅತ್ತೆಯ ಉಸಿರು ಭಾರವಾದ ಮೇಲೆ ಬಂದು ಕೂರುವರು. ಮೊದಮೊದಲು ಕುರ್ಚಿ ನನ್ನಿಂದ ದೂರ ಬಾಗಿಲ ಬಳಿ ಇರುತ್ತಿತ್ತು. ದಿನ ಹೋದಂತೆ ಅದು ಹತ್ತಿರ ಬಂತು. ಪರದೆಯ ಮೇಲೆ ಬರುವ ಇಂಗ್ಲಿಷನ್ನು ನಾನು ಓದಿ ಕನ್ನಡದಲ್ಲಿ ಹೇಳಬೇಕು. ಬಿ.ಎ.ಯಲ್ಲಿ ಓದಿದ್ದ ನನ್ನ ಇಂಗ್ಲಿಷ್ ಆ ಮನೆಯಲ್ಲಿ ಮೊದಲ ಸಲ ಕೆಲಸಕ್ಕೆ ಬಂದದ್ದು ಅಲ್ಲೇ. ಖಾಲಿ ಮನೆಗಳಲ್ಲಿ ಹಳೆಯ ಟೇಪ್‌ರೆಕಾರ್ಡರುಗಳು ಸಿಗುತ್ತಿದ್ದವು. ಗುಂಡಿ ಒತ್ತಿದರೆ ಊರು ಬಿಟ್ಟುಹೋದವರ ದನಿ. ಯಾರೋ ಮಗ್ಗಿ ಹೇಳುತ್ತಿದ್ದರು, ಯಾರೋ ಜಗಳವಾಡುತ್ತಿದ್ದರು. ನಾನು ಅರ್ಥ ಹೇಳಿ ಮುಗಿಸಿದರೆ ಮಾವ ತಕ್ಷಣ ಮುಂದಕ್ಕೆ ಬಿಡುತ್ತಿರಲಿಲ್ಲ. "ತಡ್ಕೊ. ಇವ್ನು ಸುಳ್ ಯೇಳ್ತಾವ್ನೆ. ಇನ್ನೊಂದ್ ಕಿತ ಆಕು" ಅನ್ನುವರು.

ಆ ಕಾಲೆಳೆಯುವ ಪ್ರಾಣಿಗೆ ಅವರು ಇಟ್ಟ ಹೆಸರು 'ಆಸಾಮಿ'. ಠಾಣೆಯ ಮಾತು ನಾಲಿಗೆಯಿಂದ ಹೋಗಿರಲಿಲ್ಲ. "ಆಸಾಮಿ ಇತ್ಲಾಗೆ ಬತ್ತಾವ್ನೆ ಕಣವ್ವ, ದೀಪ ಆರ್ಸು, ಆರ್ಸು" ಎಂದು ಪಿಸುಗುಟ್ಟುತ್ತಲೇ ಎರಡೂ ಬಿಳಿಯ ಪಾದ ಕುರ್ಚಿ ಏರುತ್ತಿದ್ದವು. ಗಾಬರಿಯಲ್ಲಿ ನಾನು ಅವಳನ್ನು ಓಡಿಸಿಬಿಡುತ್ತಿದ್ದೆ, ಓಡಿದಾಗಲೆಲ್ಲ ಸಿಕ್ಕಿಬೀಳುತ್ತಿದ್ದೆ. ಮಾವ ಪ್ರತಿ ಸಲವೂ ಹೇಳಿದ್ದನ್ನೇ ಹೇಳುವರು: "ಓಡ್ಬ್ಯಾಡ ಕಣವ್ವ. ಓಡಿದ್ರೆ ಕಿವಿ ಕೇಳಕ್ಕಿಲ್ಲ. ನಿಂತ್ಕೊ, ಎಲ್ಲವ್ನೆ ಅಂತ ಕೇಳುಸ್ಕೊ, ಆಮೇಕೆ ಎಜ್ಜೆ ಇಡು." ಹೀಗೆ ಹೇಳುವವರೂ ಕುರ್ಚಿಯ ಮೇಲೆ ಮುದುಡಿ ಕೂತೇ ಹೇಳುತ್ತಿದ್ದರು. ಒಂದು ಸಲ ಆಸಾಮಿ ಬಾಗಿಲಾಚೆ ಬಂದು ನಿಂತ ಗಳಿಗೆಗೇ ಸರಿಯಾಗಿ ಕರೆಂಟು ಹೋಗಿ, ಬಿಸಿಲಿಗೆಂದು ಕಿಟಕಿ ಮುಚ್ಚಿದ್ದ ಕೋಣೆ ಕತ್ತಲಾಯಿತು. ನಾನು ಚೀರಿದೆ. ಮಾವ "ಯಾವನ್ಲಾ ಅವ್ನು!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿಬಿಟ್ಟರು. ಅತ್ತೆ ಎದ್ದು ಬಂದಾಗ ಇಬ್ಬರೂ ಬಾಯಿಗೆ ಬಟ್ಟೆ ಅಡ್ಡ ಹಿಡಿದು ನಗುತ್ತಿದ್ದೆವು. ಮಾವನ ಮುಂದೆ ನಾನು ನಕ್ಕದ್ದು ಅದೇ ಮೊದಲು.

ಸಂತೆಯಲ್ಲಿ ಈರುಳ್ಳಿ ಆರಿಸುತ್ತಿದ್ದಾಗ ಒಬ್ಬ ಮುದುಕರು ಹತ್ತಿರ ಬಂದು ಮೆಲ್ಲಗೆ ಕೇಳಿದರು. "ಏನವ್ವ, ಆ ಎಣ್ಮಗ್ಳ ತಂಗಿ ಸಿಕ್ಕುದ್ಲಾ?" ಯಾವ ಹೆಣ್ಣುಮಗಳು, ಯಾವ ತಂಗಿ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಮಾವ ಪ್ರತಿದಿನ ಟೀ ಅಂಗಡಿಯಲ್ಲಿ ಆ ಕಥೆಯನ್ನು ಕಂತು ಕಂತಾಗಿ ಹೇಳುತ್ತಿದ್ದರಂತೆ. ಆಟ ಅಂತ ಹೇಳಿರಲಿಲ್ಲ. ಎಲ್ಲೋ ಕೊಡಗಿನಾಚೆ ನಡೆದ ಕೇಸು ಅಂತ ಹೇಳಿದ್ದರಂತೆ.

ಆಟದ ಮೊದಲ ಭಾಗ ಮುಗಿಯುವ ಹೊತ್ತಿಗೆ ನಾನು ಬಸುರಿ. ಕೊನೆಯ ದಿನ ಮಾವ ಒಂದು ದಿಂಬು ತಂದು ನನ್ನ ಸೊಂಟದ ಹಿಂದೆ ಇಟ್ಟರು. ತಂಗಿ ಸಿಗಲಿಲ್ಲ. ಅವಳ ದನಿ ಮಾತ್ರ ಒಂದು ಟೇಪಿನಲ್ಲಿ ಸಿಕ್ಕಿತು, ಅಕ್ಕ ಅದನ್ನು ಕೇಳುತ್ತ ನಿಲ್ದಾಣದ ಬೆಂಚಿನ ಮೇಲೆ ಕೂತಲ್ಲಿಗೆ ಆಟ ನಿಂತಿತು. ಮಾವ ಪರದೆಯಿಂದ ಕಣ್ಣು ತೆಗೆಯದೆ, "ಇದು ಮುಗ್ದಿಲ್ಲ ಬುಡು. ಇನ್ನೂ ಅದೆ ಇದ್ರದ್ದು" ಅಂದರು.

ಏಳು ತುಂಬಿ ಎಂಟಕ್ಕೆ ಬಿದ್ದಿತ್ತು. ಒಂದು ಬೆಳಿಗ್ಗೆ ಹೊಟ್ಟೆಯಲ್ಲಿ ಮಗು ಮಿಸುಕಾಡಲಿಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾಯಿತು, ಅಳು ಕೇಳಲಿಲ್ಲ. ಗಂಡು ಮಗು ಎಂದು ಯಾರೋ ಹೇಳಿದರು. ನನಗೆ ಮುಖ ತೋರಿಸಲಿಲ್ಲ, ತೋರಿಸಿದರೆ ಮನಸ್ಸು ಕೆಡುತ್ತದೆ ಎಂದರಂತೆ. ನಾನು ಮತ್ತಿನಿಂದ ಎಚ್ಚೆತ್ತಾಗ ಎಲ್ಲ ಮುಗಿದಿತ್ತು.

ಮನೆಗೆ ಬಂದ ಮೇಲೆ ಆ ವಿಷಯ ಯಾರೂ ಎತ್ತಲಿಲ್ಲ. ನನ್ನ ಗಂಡ ಒಳ್ಳೆಯವರು. ನನ್ನ ಮುಖ ನೋಡಿದರೆ ಅವರ ಕಣ್ಣು ತುಂಬುತ್ತಿತ್ತು, ಅದಕ್ಕೇ ಅವರು ನೋಡುತ್ತಿರಲಿಲ್ಲ. ಅಂಗಡಿಯಿಂದ ತಡವಾಗಿ ಬರತೊಡಗಿದರು. ಒಂದು ದಿನ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಅತ್ತೆ ಪಕ್ಕದ ಮನೆಯವರಿಗೆ ಹೇಳುತ್ತಿದ್ದುದು ಗೋಡೆ ದಾಟಿ ಬಂತು: "ಬಸ್ರಿ ಎಂಗ್ಸು ದಿನಾ ದೆವ್ವ ಭೂತ ನೋಡ್ಕಂಡ್ ಕುಂತ್ರೆ ಇನ್ನೇನಾದದು, ನೀವೇ ಯೇಳಿ."

ನಾನು ಬಟ್ಟೆ ಹಿಂಡಿದೆ, ಹರವಿದೆ. ಒಳಗೆ ಬಂದು ಕೂತೆ. ಅತ್ತೆಯ ಮಾತು ಸುಳ್ಳು ಎಂದು ನನ್ನ ಓದಿಗೆ ಗೊತ್ತಿತ್ತು. ನನ್ನ ಹೊಟ್ಟೆಗೆ ಗೊತ್ತಿರಲಿಲ್ಲ. ಆ ಕಾಲೆಳೆಯುವ ಸದ್ದಿಗೆ ನಾನು ಬೆಚ್ಚಿದ ಒಂದೊಂದು ಸಲವೂ ಒಳಗೆ ಮಗು ಬೆಚ್ಚಿತ್ತೇ ಎಂದು ಲೆಕ್ಕ ಹಾಕುತ್ತ ದಿನ ಕಳೆದೆ. ಕಂಪ್ಯೂಟರಿನ ಮೇಲೆ ಕಸೂತಿ ಬಟ್ಟೆ ಮತ್ತೆ ಬಿತ್ತು. ಮಾವನೂ ಆ ಮಾತು ಕೇಳಿಸಿಕೊಂಡಿರಬೇಕು, ಮುಂದಿನ ಕೋಣೆಯ ಕಡೆಗೇ ಬರಲಿಲ್ಲ. ಅವರ ಊಟ ಕಡಿಮೆಯಾಯಿತು. ಮತ್ತೆ ಅವರು ಬರೀ ಸದ್ದಾದರು.

ಹೀಗೇ ತಿಂಗಳುಗಳು ಹೋದವು. ಹೊಗೆಸೊಪ್ಪು ಬೇಯಿಸುವ ಕಾಲ ಬಂದು, ಗಾಳಿ ಬೀಸಿದಾಗಲೆಲ್ಲ ಸೊಪ್ಪು ಒಣಗಿಸುವ ಬ್ಯಾರನ್ ಗೂಡುಗಳ ಸಿಹಿ ಗಾಟು ಮನೆಯೊಳಗೆ ಬರುತ್ತಿತ್ತು. ಒಂದು ದಿನ ಬೆಳಿಗ್ಗೆ ಮಾವ ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು, ಎಲ್ಲಿಗೆಂದು ಹೇಳದೆ ಹೊರಟರು. ಮಧ್ಯಾಹ್ನ ವಾಪಸು ಬಂದವರು ಹಜಾರದ ನಡುವೆ ನಿಂತು, ಮನೆಯಲ್ಲಿದ್ದ ಎಲ್ಲರಿಗೂ ಕೇಳುವ ಹಾಗೆ, ಠಾಣೆಯಲ್ಲಿ ವರದಿ ಒಪ್ಪಿಸುವ ದನಿಯಲ್ಲಿ ಹೇಳಿದರು.

"ಆಸ್ಪತ್ರೆಗೆ ಓಗಿ ಡಾಕ್ಟ್ರಮ್ಮನ್ನ ಕೇಳ್ಕಂಡ್ ಬಂದೆ. ಕರುಳ ಬಳ್ಳಿ ಕುತ್ಗೆಗೆ ಸುತ್ಕಂಡಿತ್ತಂತೆ. ಆಟ ನೋಡುದ್ರೆ, ಎದ್ರುಕೊಂಡ್ರೆ ಅಂಗೆಲ್ಲ ಆಗಕ್ಕಿಲ್ವಂತೆ. ಎರಡ್ ಕಿತ ಕೇಳ್ದೆ, ಎರಡ್ ಕಿತಾನೂ ಅದ್ನೇ ಯೇಳುದ್ರು. ಈ ಮನೇಲಿ ಇನ್ಮ್ಯಾಕೆ ಯಾರೂ ಈ ಮಗೀನ್ ಮ್ಯಾಲೆ ಆ ಮಾತ್ ಆಡ್ಕೂಡ್ದು."

'ಈ ಮಗು' ಅಂದದ್ದು ನನ್ನನ್ನು. ನಾನು ಅಡುಗೆಮನೆಯ ಬಾಗಿಲಲ್ಲೇ ಕೂತುಬಿಟ್ಟೆ. ಅತ್ತೆ ಮೊರದಲ್ಲಿ ಅಕ್ಕಿ ಕೇರುತ್ತಿದ್ದರು. ಕೈ ನಿಂತಿತು. ಅವರು ಜಗಳಕ್ಕೆ ಬರುತ್ತಾರೆ ಅಂದುಕೊಂಡೆ. ಆದರೆ ಅವರು ಗಂಡನ ಕಡೆ ನೋಡದೆ, ಅಕ್ಕಿಯನ್ನೇ ನೋಡುತ್ತ ಹೇಳಿದರು.

"ನಂಗೂ ಅಂಗೇ ಅಂದಿದ್ರು. ಮೂರ್ಸಂಜೇಲಿ ಉಣ್ಸೆಮರದ್ ಕೆಳ್ಗೆ ಓಡಾಡ್ದೆ, ಅದ್ಕೇ ಕೂಸು ಓಯ್ತು ಅಂತ. ನಮ್ಮವ್ವನೇ ಅಂದ್ಲು. ನಾ ಈಗ್ಲೂ ಅದ್ನೇ ನಂಬ್ಕಂಡಿವ್ನಿ." ಆಮೇಲೆ ಮಾವನ ಕಡೆ ತಿರುಗಿ ಕೇಳಿದರು. "ಆವಾಗ ನೀವು ಯಾಕೆ ಡಾಕ್ಟ್ರನ್ನ ಕೇಳ್ಕಂಡ್ ಬರ್ಲಿಲ್ಲ?"

ನನ್ನ ಗಂಡನಿಗಿಂತ ಮೊದಲು ಆ ಮನೆಯಲ್ಲಿ ಒಂದು ಹೆಣ್ಣು ಮಗು ಹುಟ್ಟಿ ಹೋಗಿತ್ತು ಎಂಬುದು ನನಗೆ ಗೊತ್ತಾದದ್ದು ಆ ಗಳಿಗೆಯಲ್ಲಿ. ನನ್ನ ಗಂಡನಿಗೂ ಅದು ಗೊತ್ತಿರಲಿಲ್ಲವಂತೆ. ಆಗ ಮಾವ ಮೈಸೂರಿನಲ್ಲಿ ದಸರಾ ಬಂದೋಬಸ್ತಿಗೆ ಹೋಗಿದ್ದರು. ರಜೆ ಸಿಕ್ಕಿ ಬರುವಷ್ಟರಲ್ಲಿ ಮಣ್ಣಾಗಿತ್ತು. ಎಲ್ಲಿ ಎಂದು ಮಾವ ಕೇಳಲಿಲ್ಲ, ಮಣ್ಣು ಮಾಡಿದ ಹಿರಿಯರು ಹೇಳಲಿಲ್ಲ.

ಮಾವ ನಿಂತಲ್ಲೇ ನಿಂತಿದ್ದರು. ಅಷ್ಟು ಎತ್ತರದ ಮನುಷ್ಯ ಗಿಡ್ಡವಾದ ಹಾಗೆ ಕಂಡರು. "ಆವಾಗ ನಂಗೆ ಗೊತ್ತಾಗ್ಲಿಲ್ಲ ಕಣಮ್ಮಿ" ಅಂದರು. "ಕೇಳ್ಬೇಕು ಅಂತ್ಲೇ ಗೊತ್ತಾಗ್ಲಿಲ್ಲ."

ಅತ್ತೆ ಮೊರ ಕೆಳಗಿಟ್ಟು ಎದ್ದು ನನ್ನ ಹತ್ತಿರ ಬಂದು ಕೂತರು. ನನ್ನ ತಲೆಯನ್ನು ಎಳೆದು ತಮ್ಮ ಭುಜಕ್ಕೆ ಒರಗಿಸಿಕೊಂಡರು. ಇಬ್ಬರೂ ಅತ್ತೆವು.

ಮುಂದಿನ ವಾರ ಮಾವ ಮೈಸೂರಿಗೆ ಹೋಗಿ ಆ ಆಟದ ಎರಡನೇ ಭಾಗ ತಂದರು. ಆಟದ ಹೆಸರು ಅವರ ಬಾಯಿಗೆ ಬರುತ್ತಿರಲಿಲ್ಲ, ಮೊದಲನೆಯ ಸೀಡಿಯನ್ನೇ ಜೇಬಿನಲ್ಲಿಟ್ಟುಕೊಂಡು ಹೋಗಿದ್ದರು. "ಇದ್ರುದು ಎರಡ್ನೇದು ಕೊಡಪ್ಪ ಅಂದೆ. ನಿಮ್ಗಾ ಸಾರ್ ಅಂದ. ಊಂ ನಂಗೇ, ನಿಂಗೇನೀಗ ಅಂದೆ. ಬಾಯ್ಮುಚ್ಕಂಡ್ ಕೊಟ್ಟ" ಎಂದು ಹೇಳಿ ಸೀಡಿಯನ್ನು ಟೇಬಲ್ಲಿನ ಮೇಲಿಟ್ಟು, ಕಸೂತಿ ಬಟ್ಟೆಯನ್ನು ತಾವೇ ಮಡಿಸಿದರು. "ನಿಂಗ್ ಬೇಕು ಅನ್ನುಸ್ದಾಗ ಆಕು. ಬ್ಯಾಡ ಅಂದ್ರೆ ಬ್ಯಾಡ" ಅಂದರು.

ಹತ್ತಾರು ದಿನ ಅದನ್ನು ಮುಟ್ಟಲಿಲ್ಲ. ಮುಟ್ಟಿದ ದಿನ ಮಾವ ಕರೆಯದೆಯೇ ಬಂದು ಕೂತರು. ಎರಡನೆಯ ಭಾಗ ಮೊದಲನೆಯದಕ್ಕಿಂತ ಹೆಚ್ಚು ಮೌನವಾಗಿತ್ತು. ಅದೇ ಊರು, ಆದರೆ ಈಗ ಹಿಮ ಬಿದ್ದಿದೆ. ಹೆಜ್ಜೆಯ ಸದ್ದೂ ಇಲ್ಲ. ಆಸಾಮಿ ಎಲ್ಲಿದ್ದಾನೆಂದು ಕಿವಿಗೆ ತಿಳಿಯುವುದಿಲ್ಲ, ಹಿಮದ ಮೇಲೆ ಎಳೆದ ಗೆರೆ ನೋಡಿ ತಿಳಿಯಬೇಕು. ಎಷ್ಟೋ ಹೊತ್ತು ಏನೂ ನಡೆಯುವುದಿಲ್ಲ. ನಡೆಯದಿರುವುದೇ ಎದೆ ಹಿಂಡುತ್ತದೆ. ಹಾಗೆ ನಡೆಯುತ್ತ ಒಂದು ಮನೆಯ ಮಹಡಿ ಹತ್ತಿದೆ. ಕೊನೆಯ ಬಾಗಿಲಿಗೆ ನೀಲಿ ಬಣ್ಣ, ಅದರ ಮೇಲೆ ಯಾರೋ ಬಿಡಿಸಿದ ಚಂದ್ರ, ಮೊಲ. ಬಾಗಿಲಾಚೆ ಏನೋ ತೂಗುವ ಕಿರ್ ಕಿರ್ ಸದ್ದು. ಅದು ತೊಟ್ಟಿಲೆಂದು ಗೊತ್ತಾಯಿತು. ನಾನು ಕಂಪ್ಯೂಟರ್ ಆರಿಸಿ ಎದ್ದುಹೋದೆ.

ಮಾವ ಯಾಕೆಂದು ಕೇಳಲಿಲ್ಲ. ಮರುದಿನ ಬಂದು ಕೂತರು. ಆ ಬಾಗಿಲವರೆಗೆ ಹೋಗಿ ನಿಂತೆ, ಮತ್ತೆ ಆರಿಸಿದೆ. ಅದರ ಮರುದಿನವೂ ಹಾಗೇ. ಆ ಕೋಣೆ ದಾಟದೆ ಕಥೆ ಮುಂದಕ್ಕೆ ಹೋಗುವಂತಿರಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಬಾಗಿಲ ಮುಂದೆ ನಿಂತು ನಾನು ಅಳತೊಡಗಿದಾಗ ಮಾವ, "ಇತ್ಲಾಗ್ ಕೊಡವ್ವ ಅದ್ನ" ಎಂದು ಮೌಸಿನ ಕಡೆ ಕೈ ಚಾಚಿದರು.

"ನಿಮಗೆ ಬರಕ್ಕಿಲ್ಲ ಮಾವ."

"ಬಾಗ್ಲು ತೆಗ್ಯಕ್ ಏನ್ ಬರ್ಬೇಕು? ನೀ ಕಣ್ಮುಚ್ಕೊ. ನಾ ಒಳಿಕ್ ಓಗಿ ನೋಡಿ ಯೇಳ್ತೀನಿ."

ಕಣ್ಣು ಮುಚ್ಚಿಕೊಂಡೆ. ಅವರ ಒರಟು ಬೆರಳಿಗೆ ಮೌಸು ಸಿಗದೆ ಟೇಬಲ್ಲಿಗೆ ಕುಟ್ಟುತ್ತಿತ್ತು. ಅವಳು ಗೋಡೆಗೆ ಢಿಕ್ಕಿ ಹೊಡೆದಳು, ತಿರುಗಿದಳು. ಬಾಗಿಲು ತೆರೆದ ಸದ್ದಾಯಿತು. ತೂಗುವ ಸದ್ದು ಜೋರಾಯಿತು.

"ಓದೆ ಕಣವ್ವ. ಒಳಗಿವ್ನಿ." ಮಾವನ ದನಿ ನಡುಗುತ್ತಿತ್ತು, ಆದರೆ ನಿಲ್ಲಲಿಲ್ಲ. "ಕೋಣೆ ಸಣ್ದು. ಕಿಟ್ಕಿ ತೆಗ್ದದೆ, ಗಾಳಿ ಬತ್ತಾ ಅದೆ. ಗಾಳಿಗೇ ತೂಗ್ತಾ ಇರೋದು, ಬ್ಯಾರೆ ಯಾರೂ ಇಲ್ಲ. ಮೂಲೇಲಿ ಮರದ್ ಕುದ್ರೆ ಅದೆ. ತೊಟ್ಲತ್ರ ಓಯ್ತಿವ್ನಿ... ಬಗ್ಗಿ ನೋಡ್ತಿವ್ನಿ. ಖಾಲಿ ಕಣವ್ವ. ಒಂದ್ ಕೆಂಪ್ ಕಂಬ್ಳಿ, ಮಡುಸ್ ಮಡ್ಗವ್ರೆ. ಯಾರೋ ಚೆನ್ನಾಗ್ ಮಡುಸ್ ಮಡ್ಗವ್ರೆ."

ಕಣ್ಣು ತೆರೆದೆ. ಅವರು ಹೇಳಿದ ಹಾಗೇ ಇತ್ತು. ಮಾವ ಪರದೆ ನೋಡುತ್ತಿದ್ದರು. ಅವರ ಮೀಸೆ ಒದ್ದೆಯಾಗಿತ್ತು. ಪಾದ ಎರಡೂ ನೆಲದ ಮೇಲಿದ್ದವು.

ಇಷ್ಟು ದಿನ ಬಾಯಿಗೆ ಬಾರದ ಪ್ರಶ್ನೆ ಆಗ ಬಂತು. "ಮಗೂನ ಎಲ್ಲಿ ಮಣ್ಣು ಮಾಡಿದ್ರಿ ಮಾವ?"

ಅವರು ಮೌಸನ್ನು ಮೆಲ್ಲಗೆ ನನ್ನ ಕಡೆ ಸರಿಸಿದರು. "ನಾಳಿಕ್ ಬೆಳಿಗ್ಗೆ ಕರ್ಕಂಡ್ ಓಯ್ತಿನಿ" ಅಂದರು.

ಹನಗೋಡಿನ ಹತ್ತಿರ ಕಾಲುವೆಯ ಆಚೆಗೆ ನಮಗೆ ಸ್ವಲ್ಪ ಹೊಲವಿತ್ತು. ಮರುದಿನ ಮಾವನ ಮೊಪೆಡ್ಡಿನ ಹಿಂದೆ ಕೂತು ಹೋದೆ. ಮಾವನ ಹಿಂದೆ ಸೊಸೆ ಮೊಪೆಡ್ಡಿನಲ್ಲಿ ಕೂತು ಹೋಗುವುದನ್ನು ನೋಡಲು ಬೀದಿಯವರು ಬಾಗಿಲಿಗೆ ಬಂದು ನಿಂತಿದ್ದರು. ಅತ್ತೆಯೇ ನನ್ನ ಕೈಗೆ ಎರಡು ಮೊಳ ಹೂವು ಕೊಟ್ಟು ಕಳಿಸಿದ್ದರು. ಬದುವಿನ ಮೇಲೆ ಒಂದು ಹೊಂಗೆ ಮರ. ಅದರ ಕೆಳಗೆ ಚಿಕ್ಕದೊಂದು ಚಪ್ಪಡಿ ಕಲ್ಲು, ಸುತ್ತ ಮುಳ್ಳಿನ ಬೇಲಿ. ಬೇಲಿ ಹೊಸದಾಗಿತ್ತು. ಟೀ ಅಂಗಡಿಗೆ ಹೋಗದ ಎಷ್ಟೋ ದಿನ ಮಾವ ಬಂದು ಅದನ್ನು ಬಿಗಿ ಮಾಡಿ ಹೋಗುತ್ತಿದ್ದರು ಎಂದು ಪಕ್ಕದ ಹೊಲದವರು ಆಮೇಲೆ ಹೇಳಿದರು.

ಹೂವಿಟ್ಟು ಕೂತೆ. ಮಾವ ಸ್ವಲ್ಪ ದೂರದಲ್ಲಿ ಕುಕ್ಕರಗಾಲಲ್ಲಿ ಕೂತರು.

"ನಾನೇ ಎತ್ಕಂಡಿದ್ದೆ" ಅಂದರು. "ನಿನ್ ಗಂಡುನ್ ಕೈಲಿ ಆಗ್ಲಿಲ್ಲ. ಬಿಳೀ ಪಂಚೇಲಿ ಸುತ್ತಿದ್ದೊ. ತಲೆ ತುಂಬಾ ಕೂದ್ಲಿತ್ತು ಕಣವ್ವ. ಮೂಗು ನಿಂದೇ."

ನನ್ನ ಮಗನ ಮುಖ ನಾನು ನೋಡಿಲ್ಲ. ನನಗೆ ಗೊತ್ತಿರುವುದು ಅಷ್ಟೇ. ಕೂದಲು, ಮೂಗು. ಅದನ್ನು ಕೊಟ್ಟವರು ಮಾವ. ಅವರು ಅಂದು ಹೇಳದಿದ್ದರೆ ನನಗೆ ಅಷ್ಟೂ ಇರುತ್ತಿರಲಿಲ್ಲ.

ಆಮೇಲೆ ಎರಡನೆಯ ಭಾಗವನ್ನು ಮುಗಿಸಿದೆವು. ಈಗ ಅತ್ತೆಯೂ ಅವರೆಕಾಯಿ ಬಿಡಿಸುವ ನೆವದಲ್ಲಿ ಬಾಗಿಲ ಹತ್ತಿರ ಕೂರುತ್ತಿದ್ದರು. "ಇದೇನ್ ಕರ್ಮ ನೋಡ್ತೀರೋ" ಎನ್ನುತ್ತಲೇ ಕೈ ನಿಲ್ಲಿಸಿ ನೋಡುವರು. ಕಥೆಯ ಕೊನೆಯಲ್ಲಿ ಆಸಾಮಿ ಯಾರೆಂದು ಗೊತ್ತಾಯಿತು. ಅದು ಮಗು ಕಳೆದುಕೊಂಡ ತಾಯಿ. ಊರಿನವರು ಅವಳಿಗೆ ಅಳಲು ಬಿಡದೆ, ಮಗುವಿನ ಮಾತೆತ್ತಲೂ ಬಿಡದೆ ಮಹಡಿಯ ಮೇಲೆ ಕೂಡಿಹಾಕಿದ್ದರು. ಎಲ್ಲರೂ ಹೋದ ಮೇಲೂ ಅವಳು ಮನೆಯಿಂದ ಮನೆಗೆ ಹುಡುಕುತ್ತ ತಿರುಗುತ್ತಿದ್ದಳು. ನಾನು ಇಂಗ್ಲಿಷನ್ನು ಒಂದೊಂದೇ ಸಾಲಾಗಿ ಹೇಳಿ ಮುಗಿಸಿದೆ. ಅತ್ತೆ ಕಣ್ಣೊರೆಸಿಕೊಂಡು ಒಳಗೆ ಹೋದರು. ಮಾವ, "ಪಾಪ. ನಾವು ಸುಮ್ಕೆ ಇಷ್ಟ್ ದಿನ ಅವ್ಳನ್ ಕಂಡು ಓಡ್ದೊ" ಅಂದರು. ಅಂದಿನಿಂದ ಅವರ ಬಾಯಲ್ಲಿ 'ಅವ್ನು' ಹೋಗಿ 'ಅವ್ಳು' ಆಯಿತು.

ಮಾರನೆಯ ವರ್ಷ ಮಗಳು ಹುಟ್ಟಿದಳು. ಬಸುರಿನಲ್ಲಿ ನಾನಾಗಿಯೇ ಆಟದಿಂದ ದೂರವಿದ್ದೆ. ಅತ್ತೆಯೇ ಒಂದೆರಡು ಸಲ, "ಬೇಜಾರಾದ್ರೆ ಆಕ್ಕೊಳವ್ವ, ಡಾಕ್ಟ್ರಮ್ಮ ಏನೂ ಆಗಕ್ಕಿಲ್ಲ ಅಂದವ್ರಲ್ಲ" ಅಂದಿದ್ದರು. ಮಗಳು ತೆವಳುವ ಹೊತ್ತಿಗೆ ನನ್ನ ತಮ್ಮ ಮೂರನೆಯ ಭಾಗ ತಂದುಕೊಟ್ಟ. ಅದರಲ್ಲಿ ಬಣ್ಣ ಹೆಚ್ಚು, ಬೆಳಕು ಹೆಚ್ಚು, ಮೊದಲ ದೃಶ್ಯದಲ್ಲೇ ಕೈಗೆ ಬಂದೂಕ. ಕೋಣೆಗೊಬ್ಬರಂತೆ ನುಗ್ಗಿ ಬರುತ್ತಿದ್ದರು, ಹೊಡೆದರೆ ಬೀಳುತ್ತಿದ್ದರು. ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಸ್ವಲ್ಪ ಹೊತ್ತು ನೋಡಿದ ಮಾವ ಮುಖ ಸಿಂಡರಿಸಿದರು. "ಬಂದೂಕ ಕೊಟ್ಬುಟ್ಟವ್ರೆ. ಇನ್ಯಾವನ್ಗ್ ಭಯ ಆದದು? ನಾ ಇಷ್ಟ್ ವರ್ಷ ಸರ್ವೀಸ್ನಲ್ಲಿ ತಾಲೀಮ್ನಲ್ಲಿ ಬುಟ್ರೆ ಒಂದ್ ಗುಂಡೂ ಆರ್ಸಿಲ್ಲ ಕಣವ್ವ. ಮಾತಾಡ್ಸಿದ್ರೆ ಅರ್ಧ ಜನ ಅವ್ರಾಗೇ ಅತ್ಬುಡ್ತಾರೆ." ಹೀಗೆಂದು ಕುರ್ಚಿಯಲ್ಲೇ ನಿದ್ದೆಹೋದರು. ಆ ಮೂರನೆಯ ಭಾಗವನ್ನು ನಾವು ಮುಗಿಸಲಿಲ್ಲ. ಮುಗಿಸಬೇಕೆಂದು ಅನ್ನಿಸಲೂ ಇಲ್ಲ. ಮೊದಲ ಎರಡನ್ನೇ ಮತ್ತೆ ಹಾಕಿದೆವು. ಎಲ್ಲಿ ಏನು ಬರುತ್ತದೆಂದು ಗೊತ್ತಿದ್ದರೂ ಮಾವ ಅಷ್ಟೇ ಹೆದರುತ್ತಿದ್ದರು.

ಮಗಳು ಶಾಲೆಗೆ ಸೇರಿದ ವರ್ಷ ಮಾವನ ಹೃದಯ ಕೈಕೊಟ್ಟಿತು. ಮೈಸೂರಿನ ಆಸ್ಪತ್ರೆಯವರು, ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದರು. ಮನೆಗೆ ಬಂದ ಮೇಲೆ ಕೆಲವು ದಿನ ಇದ್ದರು. ಮಾತು ಸ್ಪಷ್ಟವಿತ್ತು. ಒಂದು ಸಂಜೆ ನನ್ನ ಗಂಡನನ್ನು ಹತ್ತಿರ ಕರೆದು, ನಾನೂ ಅತ್ತೆಯೂ ಅಲ್ಲೇ ಇದ್ದಾಗ ಹೇಳಿದರು.

"ನನ್ನ ಊರ್ ಮಸಾಣಕ್ಕೆ ತಕಂಡ್ ಓಗ್ಬ್ಯಾಡಿ ಕಣ್ರಪ್ಪ. ಒಲ್ದಲ್ಲಿ ಆ ಕೂಸಿನ್ ಪಕ್ಕ ಮಡುಗ್ಬುಡಿ. ಅದು ಒಂದೇ ಅದೆ."

ಅತ್ತೆ ಅವರ ಕೈ ಹಿಡಿದುಕೊಂಡು, "ನಮ್ ಎಣ್ ಕೂಸು?" ಎಂದು ಕೇಳಿದರು. ಮೆಲ್ಲಗೆ, ಮಗು ಕೇಳುವ ಹಾಗೆ.

"ಅದುನ್ನ ನಾ ಓದ್ಮ್ಯಾಕೆ ಉಡುಕ್ತೀನಿ ಬುಡು" ಅಂದರು ಮಾವ. ಅತ್ತೆ ಅಳುತ್ತಲೇ ನಕ್ಕರು.

ಅವರು ಹೇಳಿದಂತೆಯೇ ಮಾಡಿದೆವು. ಹೊಂಗೆ ಮರದ ಕೆಳಗೆ ಈಗ ಎರಡು ಕಲ್ಲುಗಳಿವೆ, ಒಂದು ದೊಡ್ಡದು, ಒಂದು ಚಿಕ್ಕದು. ಮುಳ್ಳಿನ ಬೇಲಿಯನ್ನು ನನ್ನ ಗಂಡ ಬಿಗಿ ಮಾಡುತ್ತಾರೆ. ವರ್ಷಕ್ಕೊಮ್ಮೆ ನಾವೆಲ್ಲ ಹೋಗಿ ಪೂಜೆ ಮಾಡಿ, ಅಲ್ಲೇ ಕೂತು ಚಿತ್ರಾನ್ನ ತಿಂದು ಬರುತ್ತೇವೆ. ದೊಡ್ಡ ಕಲ್ಲು ಯಾರದೆಂದು ಮಗಳಿಗೆ ಗೊತ್ತಿತ್ತು. ಚಿಕ್ಕದು ಯಾರದು ಎಂದು ಮೊದಲ ಸಲ ಕೇಳಿದಾಗ ನನ್ನ ಗಂಡ ನನ್ನ ಮುಖ ನೋಡಿದರು. ಅತ್ತೆಯೂ ನೋಡಿದರು.

"ನಿಮ್ಮಣ್ಣಂದು" ಎಂದೆ. "ತಲೆ ತುಂಬಾ ಕೂದಲಿತ್ತು ಅವನಿಗೆ. ಮೂಗು ನನ್ನ ಥರಾನೇ."